ವಿಜಯಪುರದ ಹೊಸ ಮನೆಗೆ ಎಷ್ಟು ಟನ್ ಎಸಿ, ಎಷ್ಟು ಕಿಲೋವಾಟ್ ಸೋಲಾರ್?

ಪ್ರಶ್ನೆ: ವಿಜಯಪುರದ ಹೊರವಲಯದಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸುತ್ತಿದ್ದೇವೆ. ಕೆಳಗೆ ನನ್ನ ಹೆಂಡತಿಯ ದವಾಖಾನೆ, ಮೇಲೆ ತಂದೆ-ತಾಯಿ ಸೇರಿ ಆರು ಜನರ ವಾಸ. ನಮ್ಮ ಆರ್ಕಿಟೆಕ್ಟ್ ಅವರು ಎಎಸಿ ಬ್ಲಾಕಿನ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟು ಇಟ್ಟಿಗೆಯ) ಗೋಡೆ, ಮಾಳಿಗೆಯ ಮೇಲೆ ಎರಡು ಇಂಚು ದಪ್ಪದ ಶಾಖನಿರೋಧಕ ಹಲಗೆ, ಜೋಡಿ ಗಾಜಿನ ಕಿಟಕಿ ಹಾಕಿಸಲು ಹೇಳುತ್ತಾರೆ. ಆ ದುಡ್ಡಿನಲ್ಲಿ ಎಸಿಗಳೇ ಬರುತ್ತವೆ ಎನ್ನುವುದು ಗುತ್ತಿಗೆದಾರರ ಮಾತು. ಎಸಿ ಅಂಗಡಿಯವರು ಆರು ಕೋಣೆಗೆ ತಲಾ ಒಂದೂವರೆ ಟನ್, ಒಟ್ಟು ಒಂಬತ್ತು ಟನ್ ಬೇಕು ಎಂದಿದ್ದಾರೆ. ಅದನ್ನು ನೋಡಿ ಸೋಲಾರ್‌ನವರು 10 ಕಿಲೋವಾಟ್‌ನ ಅಂದಾಜು ಕೊಟ್ಟಿದ್ದಾರೆ. ಮನೆಯನ್ನು ಚೆನ್ನಾಗಿ ಕಟ್ಟಿದರೂ ಇಷ್ಟೆಲ್ಲ ಬೇಕೆ? ಕೂಲರ್ ಸಾಲದೆ? ಬಿಸಿನೀರಿಗೆ ಏನು ಮಾಡಬೇಕು? ಬಿಗಿಯಾಗಿ ಮುಚ್ಚಿದ ಮನೆಯೊಳಗಿನ ಗಾಳಿ ಆರೋಗ್ಯಕ್ಕೆ ಒಳ್ಳೆಯದೆ?
— ಓದುಗರೊಬ್ಬರು, ವಿಜಯಪುರ

ಉತ್ತರ: ಮೊದಲು ನೇರ ಉತ್ತರ ಕೊಟ್ಟು ಆಮೇಲೆ ಕಾರಣಗಳಿಗೆ ಬರುತ್ತೇನೆ. ನಿಮ್ಮ ಆರ್ಕಿಟೆಕ್ಟ್ ಹೇಳಿದ ಮಾಳಿಗೆ ಮತ್ತು ಗೋಡೆಯನ್ನು ಹಾಗೆಯೇ ಕಟ್ಟಿಸಿದರೆ ನಿಮಗೆ ಒಂಬತ್ತು ಟನ್ ಬೇಕಾಗುವುದಿಲ್ಲ, ಸುಮಾರು ಮೂರು ಟನ್ ಸಾಕಾಗುತ್ತದೆ. 10 ಕಿಲೋವಾಟ್ ಸೋಲಾರ್ ಕೂಡ ಬೇಕಾಗುವುದಿಲ್ಲ, 3 ಕಿಲೋವಾಟ್‌ನಿಂದ ಪ್ರಾರಂಭಿಸಬಹುದು. ಆದರೆ ಈ ಅಂಕಿಗಳನ್ನು ನನ್ನ ಮಾತಿನ ಮೇಲೆ ನಂಬಬೇಡಿ. ಅವು ಎಲ್ಲಿಂದ ಬಂದವು ಎಂಬುದನ್ನು ನೀವೇ ನೋಡಿ, ನಿಮ್ಮ ಅಂಗಡಿಯವರ ಎದುರು ಅದೇ ಲೆಕ್ಕವನ್ನು ಇಟ್ಟು ಕೇಳಿ. ನಿಮಗೆ ಸಲಹೆ ಕೊಟ್ಟ ನಾಲ್ವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ಸಾಮಾನನ್ನಷ್ಟೇ ನೋಡಿದ್ದಾರೆ, ಮನೆಯೊಳಗೆ ಯಾವ ಹೊತ್ತಿನಲ್ಲಿ ಎಷ್ಟು ಶಾಖ ಬರುತ್ತದೆ ಎಂಬ ಒಂದು ಲೆಕ್ಕವನ್ನು ಯಾರೂ ಹಾಕಿಲ್ಲ, ಅಷ್ಟೆ.

ಆ ಲೆಕ್ಕವನ್ನು ಮೇಲಂತಸ್ತಿನ ಒಂದು ಮಲಗುವ ಕೋಣೆಗೆ ಹಾಕಿ ತೋರಿಸುತ್ತೇನೆ. ಕೋಣೆ 12 ಅಡಿಗೆ 14 ಅಡಿ, ಎರಡು ಗೋಡೆಗಳು ಹೊರಗೆ, ಪಡುವಣಕ್ಕೆ 4 ಅಡಿಗೆ 5 ಅಡಿಯ ಒಂದು ಕಿಟಕಿ, ಏಪ್ರಿಲ್ ತಿಂಗಳ ಸಂಜೆ ನಾಲ್ಕೂವರೆ, ಹೊರಗೆ 40 ಡಿಗ್ರಿ, ಒಳಗೆ 26 ಡಿಗ್ರಿ ಬೇಕು ಎಂದಿಟ್ಟುಕೊಳ್ಳಿ. ಸಾಮಾನ್ಯ ಪದ್ಧತಿಯಲ್ಲಿ ಕಟ್ಟಿದ್ದರೆ, ಐದು ಇಂಚಿನ ಬರಿಯ ಆರ್‌ಸಿಸಿ ಸ್ಲ್ಯಾಬ್ ಒಂದೇ ಸುಮಾರು 1,800 ವಾಟ್ ಶಾಖವನ್ನು ಕೆಳಗೆ ಇಳಿಸುತ್ತದೆ. ಒಂಬತ್ತು ಇಂಚಿನ ಇಟ್ಟಿಗೆಯ ಎರಡು ಗೋಡೆಗಳಿಂದ 600 ವಾಟ್, ನೆರಳಿಲ್ಲದ ಪಡುವಣ ಕಿಟಕಿಯಿಂದ 1,100 ವಾಟ್, ಸಂದಿಗಳಿಂದ ನುಗ್ಗುವ ಗಾಳಿಯಿಂದ 200, ಇಬ್ಬರು ಮನುಷ್ಯರು ಮತ್ತು ಫ್ಯಾನು-ದೀಪಗಳಿಂದ 300. ಕೂಡಿಸಿದರೆ 4,000 ವಾಟ್ ಆಗುತ್ತದೆ. ಒಂದು ಟನ್ ಎಂದರೆ 3,500 ವಾಟ್ ಪ್ರಮಾಣದಲ್ಲಿ ಶಾಖವನ್ನು ಹೊರಹಾಕುವ ಶಕ್ತಿ. ಹಾಗಾಗಿ ಅಂಗಡಿಯವರು ಸ್ವಲ್ಪ ಹೆಚ್ಚುವರಿ ಹಿಡಿದು ಒಂದೂವರೆ ಟನ್ ಎಂದದ್ದು ಆ ಮನೆಯ ಮಟ್ಟಿಗೆ ಸರಿಯಾಗಿಯೇ ಇದೆ. ನೂರಿಪ್ಪತ್ತು ಚದರ ಅಡಿಗೆ ಒಂದು ಟನ್ ಎಂಬ ಅವರ ಬಾಯಿಲೆಕ್ಕ ಹುಟ್ಟಿದ್ದೇ ಇಂಥ ಮನೆಗಳಿಂದ.

ಈಗ ಅದೇ ಕೋಣೆಯನ್ನು ನಿಮ್ಮ ಆರ್ಕಿಟೆಕ್ಟ್ ಹೇಳಿದಂತೆ ಕಟ್ಟಿ ನೋಡಿ. ಸ್ಲ್ಯಾಬಿನ ಮೇಲೆ ಎರಡು ಇಂಚಿನ ಎಕ್ಸ್‌ಪಿಎಸ್ ಹಲಗೆ (ಥರ್ಮೊಕೋಲಿನ ಜಾತಿಯ, ಅದಕ್ಕಿಂತ ಗಟ್ಟಿಯಾದ ಶಾಖನಿರೋಧಕ), ಅದರ ಮೇಲೆ ಬಿಳಿಯ ಚೈನಾ ಮೊಸಾಯಿಕ್ (ಒಡೆದ ಟೈಲ್ಸ್ ಚೂರುಗಳ ಹಾಸು) ಇದ್ದರೆ ಮಾಳಿಗೆಯಿಂದ ಬರುವ ಶಾಖ 1,800ರಿಂದ ಸುಮಾರು 150 ವಾಟ್‌ಗೆ ಇಳಿಯುತ್ತದೆ. ಎಂಟು ಇಂಚಿನ ಎಎಸಿ ಬ್ಲಾಕಿನ ಗೋಡೆಗಳಿಂದ 200 ವಾಟ್. ಕಿಟಕಿಯನ್ನು ಪಡುವಣದಿಂದ ತೆಂಕಣಕ್ಕೆ ತಂದು ಮೇಲೆ ಎರಡು ಅಡಿಯ ಸಜ್ಜಾ ಕೊಟ್ಟರೆ 250. ಗಾಳಿಗೆ 200, ಜನರಿಗೆ ಅದೇ 300. ಒಟ್ಟು 1,100 ವಾಟ್, ಅಂದರೆ ಒಂದು ಟನ್ನಿನ ಮೂರನೆಯ ಒಂದು ಪಾಲಿಗಿಂತ ಕಡಿಮೆ. ಇಂಥ ಕೋಣೆಗೆ ಒಂದೂವರೆ ಟನ್ನಿನ ಯಂತ್ರ ಕೂರಿಸುವುದು ನಾಲ್ಕು ಜನರ ಅಡುಗೆಗೆ ಮದುವೆಮನೆಯ ಹಂಡೆ ಇಟ್ಟ ಹಾಗೆ.

ಈ ಅಂಕಿಗಳಲ್ಲಿ ಮಾಳಿಗೆಯದು ಇಷ್ಟು ದೊಡ್ಡದಾಗಲು ಕಾರಣವಿದೆ. ವಿಜಯಪುರ ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದ ಆಸುಪಾಸಿನಲ್ಲಿ, ಅಂದರೆ ಬೇಸಿಗೆಯ ನೆತ್ತಿಯಲ್ಲೇ, ನಡುಹಗಲಿನ ಸೂರ್ಯ ಸರಿಯಾಗಿ ತಲೆಯ ಮೇಲೆ ಇರುತ್ತಾನೆ. ಆಗ ತೆಂಕಣ ಗೋಡೆಗೆ ಬಿಸಿಲೇ ತಾಗುವುದಿಲ್ಲ, ಬಿಸಿಲೆಲ್ಲ ಮಾಳಿಗೆಯ ಮೇಲೆ ಸುರಿಯುತ್ತದೆ. ಅದೇ ಕಾರಣಕ್ಕೆ ತೆಂಕಣ ಕಿಟಕಿಗೆ ಎರಡು ಅಡಿಯ ಸಜ್ಜಾ ಮಾರ್ಚ್‌ನಿಂದ ಮಳೆಗಾಲದ ಕೊನೆಯವರೆಗೂ ಪೂರ್ತಿ ನೆರಳು ಕೊಡುತ್ತದೆ, ಡಿಸೆಂಬರಿನಲ್ಲಿ ಸೂರ್ಯ ಕೆಳಗಿಳಿದಾಗ ಕಿಟಕಿಯ ಕೆಳಭಾಗದಿಂದ ಎಳೆಬಿಸಿಲನ್ನು ಒಳಗೆ ಬಿಡುತ್ತದೆ. ಪಡುವಣ ಕಿಟಕಿಗೆ ಎಷ್ಟೇ ಅಗಲದ ಸಜ್ಜಾ ಹಾಕಿದರೂ ಸಂಜೆಯ ಅಡ್ಡಬಿಸಿಲು ನಿಲ್ಲುವುದಿಲ್ಲ. ಅಲ್ಲಿ ತೂತುಗಳಿರುವ ಜಾಲಿ ಗೋಡೆ, ಹೊರಗಿನಿಂದ ಇಳಿಬಿಡುವ ಬಿದಿರಿನ ಪರದೆ ಅಥವಾ ಒಂದು ಬೇವಿನ ಮರ ಬೇಕು. ಪರದೆ ಗಾಜಿನ ಹೊರಗೆ ಇರಬೇಕು ಎಂಬುದನ್ನು ಮರೆಯಬೇಡಿ. ಒಳಗಿನ ಪರದೆಯನ್ನು ತಲುಪುವ ಹೊತ್ತಿಗೆ ಬಿಸಿಲು ಆಗಲೇ ಮನೆಯೊಳಗೆ ಬಂದಾಗಿರುತ್ತದೆ.

ಇಲ್ಲಿ ಆರ್ಕಿಟೆಕ್ಟ್ ಅವರ ಒಂದು ಸಲಹೆಯನ್ನು ಮಾತ್ರ ನಾನು ಬದಲಾಯಿಸುತ್ತೇನೆ. ನೆರಳಿನಲ್ಲಿರುವ ಕಿಟಕಿಗೆ ಜೋಡಿ ಗಾಜು ಹಾಕುವುದರಿಂದ ಅತಿ ಬಿಸಿಯ ಹೊತ್ತಿನಲ್ಲಿ ಉಳಿಯುವುದು ಒಂದು ಕಿಟಕಿಗೆ ಸುಮಾರು 70 ವಾಟ್ ಮಾತ್ರ. ನಿಮ್ಮ ಮನೆ ಲಾರಿ ಓಡಾಡುವ ರಸ್ತೆಯ ಮೇಲಿದ್ದು ಸದ್ದಿನ ಕಾಟ ಇದ್ದರೆ ಹಾಕಿಸಿ. ಇಲ್ಲದಿದ್ದರೆ ಒಳ್ಳೆಯ ರಬ್ಬರ್ ಪಟ್ಟಿಯಿರುವ ಒಂಟಿ ಗಾಜಿನ ಕಿಟಕಿ ಹಾಕಿಸಿ, ಉಳಿದ ದುಡ್ಡನ್ನು ಮಾಳಿಗೆಯ ಹಲಗೆಗೂ ಹೊರಪರದೆಗೂ ಕೊಡಿ. ಮಾಳಿಗೆಯ ವಿಷಯದಲ್ಲಿ ಯಾವ ರಾಜಿಗೂ ಒಪ್ಪಬೇಡಿ. ವಾಸದ ಮನೆಗಳಿಗಾಗಿ 2018ರಲ್ಲಿ ಕೇಂದ್ರ ಸರಕಾರ ಹೊರತಂದ ಎಕೋ ನಿವಾಸ್ ಸಂಹಿತೆಯು ಮಾಳಿಗೆಯ ಯು-ಮೌಲ್ಯ 1.2ನ್ನು ಮೀರಬಾರದು ಎನ್ನುತ್ತದೆ. ಯು-ಮೌಲ್ಯವೆಂದರೆ ಒಳಗೆ ಹೊರಗೆ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನಿಂದ ಎಷ್ಟು ವಾಟ್ ಶಾಖ ದಾಟುತ್ತದೆ ಎಂಬ ಅಳತೆ. ಬರಿಯ ಸ್ಲ್ಯಾಬಿನದು 3ನ್ನು ಮೀರುತ್ತದೆ, ಎರಡು ಇಂಚು ಎಕ್ಸ್‌ಪಿಎಸ್ ಹಾಕಿದ ನಿಮ್ಮ ಮಾಳಿಗೆಯದು 0.5ರ ಹತ್ತಿರ ಬರುತ್ತದೆ.

ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಇದಕ್ಕಿಂತ ತಂಪಾಗಿರಲಿಲ್ಲವೆ ಎಂದು ಈ ಭಾಗದ ಅನೇಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ತೊಲೆ, ಜಂತಿಗಳ ಮೇಲೆ ಒಂದು ಅಡಿಗೂ ಮೀರಿ ಮಣ್ಣು ಹೇರಿದ ಮಾಳಿಗೆಯು ಶಾಖವನ್ನು ತಡೆಯುವುದಕ್ಕಿಂತ ಹೆಚ್ಚಾಗಿ ತಡಮಾಡುತ್ತದೆ. ನಡುಹಗಲಿನ ಬಿಸಿಲು ಒಳಗಿನ ಮೈಗೆ ಬರುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಗೋಳಗುಮ್ಮಟದ ಸುಮಾರು ಮೂರು ಮೀಟರ್ ದಪ್ಪದ ಗೋಡೆಗಳ ನಡುವೆ ಮೇ ತಿಂಗಳ ಮಧ್ಯಾಹ್ನ ನಿಂತವರಿಗೆ ಈ ತಡಮಾಡುವ ಗುಣ ಮೈಗೇ ತಿಳಿದಿರುತ್ತದೆ. ಹಿಂದಿನವರಿಗೆ ಇದರಿಂದ ತೊಂದರೆಯಾಗಲಿಲ್ಲ, ಯಾಕೆಂದರೆ ರಾತ್ರಿ ಮಾಳಿಗೆಯ ಮೇಲೋ ಅಂಗಳದಲ್ಲೋ ಹಾಸಿಕೊಂಡು ಮಲಗುತ್ತಿದ್ದರು. ಹಗಲು ಒಳಗೆ, ರಾತ್ರಿ ಹೊರಗೆ ಎಂಬ ಬದುಕಿಗೆ ಆ ಮಾಳಿಗೆ ಹೇಳಿ ಮಾಡಿಸಿದ್ದು. ನೀವು ರಾತ್ರಿಯೂ ಒಳಗೇ ಮಲಗುವವರಾದ್ದರಿಂದ ನಿಮಗೆ ಎರಡೂ ಬೇಕು: ಹೊರಮೈಯಲ್ಲಿ ಶಾಖವನ್ನು ತಡೆಯುವ ಹಗುರ ಹಲಗೆ, ಒಳಮೈಯಲ್ಲಿ ತಂಪನ್ನು ಹಿಡಿದಿಡುವ ಭಾರದ ಕಾಂಕ್ರೀಟು ಮತ್ತು ಫರಸಿ ಕಲ್ಲಿನ ನೆಲ. ಈ ಕ್ರಮ ತಿರುವುಮುರುವಾಗಬಾರದು. ಹಲಗೆಯನ್ನು ಸ್ಲ್ಯಾಬಿನ ಕೆಳಗೆ ಫಾಲ್ಸ್ ಸೀಲಿಂಗಿನ ಮೇಲೆ ಹಾಕಿಸಿದರೆ ಸ್ಲ್ಯಾಬು ಬಿಸಿಲಿಗೆ ಬಿರಿಯುತ್ತಲೇ ಇರುತ್ತದೆ, ಅದರ ತಂಪು ಹಿಡಿಯುವ ಗುಣವೂ ನಿಮ್ಮ ಕೈತಪ್ಪುತ್ತದೆ.

ಈ ತಂಪು ಹಿಡಿಯುವ ಗುಣಕ್ಕೆ ಒಂದು ಬೆಲೆಯನ್ನೂ ಕಟ್ಟಬಹುದು. ನಿಮ್ಮ ಮೇಲಂತಸ್ತಿನ ಸುಮಾರು 1,100 ಚದರ ಅಡಿಯ ಐದಿಂಚಿನ ಸ್ಲ್ಯಾಬು ಒಂದು ಡಿಗ್ರಿ ತಣಿದರೆ ಅದರಲ್ಲಿ ಸುಮಾರು 7 ಯೂನಿಟ್ (ಕಿಲೋವಾಟ್-ಅವರ್) ಶಾಖಕ್ಕೆ ಜಾಗವಾಗುತ್ತದೆ. ಒಳ್ಳೆಯ ಎಸಿ ಆ ಕೆಲಸಕ್ಕೆ ಪೌಣೆರಡು ಯೂನಿಟ್ ವಿದ್ಯುತ್ ತೆಗೆದುಕೊಳ್ಳುತ್ತದೆ. ಮನೆಮನೆಯಲ್ಲಿರುವ 12 ವೋಲ್ಟ್, 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿಯಲ್ಲಿ ತುಂಬುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಸ್ಲ್ಯಾಬಿನ ಪ್ರತಿಯೊಂದು ಡಿಗ್ರಿಯೂ ನೀವು ಕೊಳ್ಳಬೇಕಿಲ್ಲದ, ಮೂರು-ನಾಲ್ಕು ವರ್ಷಕ್ಕೊಮ್ಮೆ ಬದಲಿಸಬೇಕಿಲ್ಲದ ಒಂದು ಬ್ಯಾಟರಿಗೆ ಸಮ. ಮಧ್ಯಾಹ್ನ ಎರಡರಿಂದ ಐದರವರೆಗೆ ನಿಮ್ಮದೇ ಸೋಲಾರ್ ವಿದ್ಯುತ್ತಿನಿಂದ ಮನೆಯನ್ನು ತಣಿಸಿಟ್ಟರೆ ರಾತ್ರಿ ಒಂಬತ್ತಕ್ಕೆ ಕರೆಂಟು ಹೋದರೂ ಒಳಗಿನ ತಾಪ ಏರಲು ತುಂಬಾ ಹೊತ್ತು ಹಿಡಿಯುತ್ತದೆ. ಇದನ್ನು ಬಿಟ್ಟಿಯಾಗಿ ಮಾಡುವ ದಾರಿಯೂ ಇದೆ. ಈ ಸೀಮೆಯಲ್ಲಿ ಬೇಸಿಗೆಯ ಹಗಲು 40ಕ್ಕೆ ಏರಿದರೂ ಬೆಳಗಿನ ಜಾವ 25ರ ಹತ್ತಿರಕ್ಕೆ ಇಳಿಯುತ್ತದೆ. ಮೆಟ್ಟಿಲಿನ ಮೇಲಿನ ಕೋಣೆಯಲ್ಲಿ ಹಳೆಯ ಮನೆಗಳ ಬೆಳಕಿಂಡಿಯಂತೆ ತೆರೆದು ಮುಚ್ಚುವ ಒಂದು ಕಿಂಡಿ, ಅಲ್ಲಿ 40 ವಾಟ್‌ನ ಒಂದು ಎಕ್ಸಾಸ್ಟ್ ಫ್ಯಾನ್ ಇಟ್ಟು ರಾತ್ರಿಯಿಡೀ ಗಾಳಿಯನ್ನು ಮೇಲಕ್ಕೆ ಎಳೆಸಿ, ಬೆಳಿಗ್ಗೆ ಎಂಟಕ್ಕೆ ಎಲ್ಲವನ್ನೂ ಮುಚ್ಚಿಬಿಡಿ. ಸೊಳ್ಳೆಪರದೆ ಗಾಳಿಯನ್ನು ಗಣನೀಯವಾಗಿ ತಡೆಯುತ್ತದೆ, ಆದ್ದರಿಂದ ಕಿಂಡಿಯನ್ನು ಲೆಕ್ಕಕ್ಕಿಂತ ದೊಡ್ಡದಾಗಿಯೇ ಇಡಿಸಿ.

ಯಂತ್ರ ದೊಡ್ಡದಾದರೆ ನಷ್ಟವೇನು, ಬೇಗ ತಣಿಯುತ್ತದಲ್ಲ ಎಂಬ ಮಾತು ಬರುತ್ತದೆ. ಕೆಲ ವರ್ಷಗಳ ಹಿಂದೆ ಬಾಗಲಕೋಟೆಯ ನವನಗರದಲ್ಲಿ ಒಂದು ಮನೆಯವರು ನನ್ನನ್ನು ಕರೆಸಿದ್ದರು. ಮಾಳಿಗೆಗೆ, ಗೋಡೆಗೆ ಎಲ್ಲ ಸರಿಯಾಗಿ ಮಾಡಿಸಿದ್ದರು, ಆದರೆ ಎಸಿಗಳು ಮಾತ್ರ ಹಳೆಯ ಬಾಯಿಲೆಕ್ಕದಂತೆ ಬಂದಿದ್ದವು. ಜುಲೈ ತಿಂಗಳ ಒಂದು ಸಂಜೆ ಆ ಕೋಣೆಯಲ್ಲಿ ಗಡಿಯಾರ ಹಿಡಿದು ಕುಳಿತೆ. ಯಂತ್ರ ಶುರುವಾದ ನಾಲ್ಕೇ ನಿಮಿಷಕ್ಕೆ ಕೋಣೆ ತಣಿದು ಕಂಪ್ರೆಸರ್ ನಿಂತಿತು, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಗಾಳಿಯ ತೇವವನ್ನು ಹಿಂಡಲು ತಂಪಾದ ಸುರುಳಿಯ ಮೇಲೆ ಗಾಳಿ ಬಹಳ ಹೊತ್ತು ಹಾಯಬೇಕು. ಅಷ್ಟು ಹೊತ್ತು ಆ ಯಂತ್ರ ಓಡುತ್ತಲೇ ಇರಲಿಲ್ಲ. ಹಾಸಿಗೆಯ ಬಟ್ಟೆ ಜಿಗುಟಾಗಿತ್ತು, ಕಪಾಟಿನ ಹಿಂದಿನ ಗೋಡೆಗೆ ಬೂಷ್ಟು ಹಿಡಿದಿತ್ತು, ಮನೆಯೊಡತಿ ಅದನ್ನು ಹೊಸ ಬಣ್ಣದ ದೋಷ ಎಂದು ತಿಳಿದು ಎರಡು ಸಲ ಬಣ್ಣ ಬಳಿಸಿದ್ದರು. ಈಗಿನ ಇನ್ವರ್ಟರ್ ಎಸಿಗಳು ತಮ್ಮ ವೇಗವನ್ನು ತಗ್ಗಿಸಿಕೊಳ್ಳುತ್ತವೆ ನಿಜ, ಆದರೆ ಅವಕ್ಕೂ ಒಂದು ಕೆಳಮಿತಿ ಇದೆ. ಅದಕ್ಕಿಂತ ಕಡಿಮೆ ಶಾಖವಿರುವ ಕೋಣೆಯಲ್ಲಿ ಅವೂ ಹೀಗೆಯೇ ನಿಂತು ನಿಂತು ಓಡುತ್ತವೆ. ಕೊಳ್ಳುವಾಗ ಗರಿಷ್ಠ ಸಾಮರ್ಥ್ಯದ ಜೊತೆಗೆ ಕನಿಷ್ಠ ಸಾಮರ್ಥ್ಯ ಎಷ್ಟು ಎಂದು ಕೇಳಿ, ಅದು ಯಂತ್ರದ ಮಾಹಿತಿ ಪುಸ್ತಿಕೆಯಲ್ಲಿ ಇರುತ್ತದೆ.

ಹಾಗಾದರೆ ನಿಮ್ಮ ಮನೆಗೆ ಯಾವ ಯಂತ್ರ, ಎಲ್ಲಿ? ತಂದೆ-ತಾಯಿಯರ ಕೋಣೆಗೆ ಒಂದು, ನಿಮ್ಮ ಕೋಣೆಗೆ ಒಂದು, ಕೆಳಗೆ ರೋಗಿಗಳನ್ನು ಪರೀಕ್ಷಿಸುವ ಕೋಣೆಗೆ ಒಂದು, ಮೂರೂ ಒಂದು ಟನ್ ಅಥವಾ ಅದಕ್ಕಿಂತ ಚಿಕ್ಕ, ಐದು ನಕ್ಷತ್ರದ ಇನ್ವರ್ಟರ್ ಎಸಿ. ಮಕ್ಕಳ ಕೋಣೆಗೆ ತಾಮ್ರದ ಪೈಪು, ನೀರಿಳಿಯುವ ಪೈಪು, ವೈರು ಎಳೆಸಿ ಬಾಯಿ ಮುಚ್ಚಿಡಿ; ಒಂದು ಬೇಸಿಗೆ ಕಳೆದ ಮೇಲೆ ಬೇಕೆನಿಸಿದರೆ ಯಂತ್ರ ತನ್ನಿ. ಮೂರು ಮಲಗುವ ಕೋಣೆಗೂ ಸೇರಿ ಕೊಳವೆಗಳ ಮೂಲಕ ತಂಪು ಗಾಳಿ ಹಂಚುವ ಒಂದೇ ಡಕ್ಟ್ ಯಂತ್ರ ಹಾಕುವುದು ಲೆಕ್ಕದಲ್ಲಿ ಇನ್ನೂ ಒಪ್ಪವಾಗಿ ಕೂರುತ್ತದೆ, ಆದರೆ ಅದು ಕೆಟ್ಟರೆ ಮೇ ತಿಂಗಳಲ್ಲಿ ಮೂರೂ ಕೋಣೆಗಳು ಒಟ್ಟಿಗೆ ಬೇಯುತ್ತವೆ, ರಿಪೇರಿ ಬಲ್ಲವರು ಊರಲ್ಲೇ ಸಿಗುವ ಯಂತ್ರವೇ ಹಿರಿಯರಿರುವ ಮನೆಗೆ ಮೇಲು ಎಂಬುದು ನನ್ನ ಅಭಿಪ್ರಾಯ. ಹೊರಘಟಕವನ್ನು ಪಡುವಣ ಗೋಡೆಗೆ ಅಥವಾ ಇಕ್ಕಟ್ಟಾದ ಓಣಿಗೆ ತೂಗುಹಾಕಬಾರದು. ತಾನು ಉಗುಳಿದ ಬಿಸಿಗಾಳಿಯನ್ನೇ ತಾನು ಮತ್ತೆ ಎಳೆದುಕೊಳ್ಳುವ ಯಂತ್ರ ಎಷ್ಟು ನಕ್ಷತ್ರದ್ದಾದರೂ ವಿದ್ಯುತ್ತನ್ನು ಕುಡಿಯುತ್ತದೆ. ಬಡಗಣ ಗೋಡೆ, ಮುಂದೆ ಬಯಲು, ಮೇಲೆ ನೆರಳು ಇರಲಿ. 2020ರ ಜನವರಿಯಿಂದ ಕೋಣೆಯ ಎಸಿಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿಕೊಂಡು ಬರಬೇಕೆಂಬ ನಿಯಮವಿದೆ, ನೀವು ಅದನ್ನು 26ಕ್ಕೆ ಏರಿಸಿ, ಜೊತೆಗೆ ಕಡಿಮೆ ವಿದ್ಯುತ್ ಬಳಸುವ 30 ವಾಟ್‌ನ ಬಿಎಲ್‌ಡಿಸಿ ಫ್ಯಾನ್ ತಿರುಗಿಸಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಎಸಿಯ ಬಳಕೆ ಸುಮಾರು ಶೇ. 6ರಷ್ಟು ಇಳಿಯುತ್ತದೆ ಎಂಬುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಅಂದಾಜು. ಮಾಳಿಗೆ ತಂಪಾಗಿದ್ದರೆ 26 ಡಿಗ್ರಿ ಸೆಕೆ ಎನಿಸುವುದೂ ಇಲ್ಲ. ಬರಿಯ ಸ್ಲ್ಯಾಬಿನ ಕೆಳಗೆ ಮಲಗಿದವರು 20ಕ್ಕೆ ಇಳಿಸುವುದು ಗಾಳಿ ಬಿಸಿಯಾಗಿರುವುದರಿಂದಲ್ಲ, ತಲೆಯ ಮೇಲಿನ ಕಾಂಕ್ರೀಟು ಕಾದ ಹೆಂಚಿನಂತೆ ಮೈಮೇಲೆ ಝಳ ಬೀರುತ್ತಿರುವುದರಿಂದ.

ಹಾಲಿಗೆ ಮತ್ತು ದವಾಖಾನೆಯ ರೋಗಿಗಳು ಕೂರುವ ಜಾಗಕ್ಕೆ ಎಸಿ ಬೇಡ, ಕೂಲರ್ ಸಾಕು. ಸಾಕು ಎನ್ನುವುದಕ್ಕಿಂತ ಅಲ್ಲಿಗೆ ಅದೇ ಉತ್ತಮ. ಹೊರಗೆ 40 ಡಿಗ್ರಿ, ಗಾಳಿಯ ತೇವಾಂಶ ಶೇ. 20 ಇರುವ ಒಣ ಮಧ್ಯಾಹ್ನ ಒಳ್ಳೆಯ ಜೇನುಗೂಡು ಪ್ಯಾಡಿನ ಕೂಲರ್ ಗಾಳಿಯನ್ನು 26ರ ಹತ್ತಿರಕ್ಕೆ ತರಬಲ್ಲದು, ಅದೂ 200 ವಾಟ್‌ನೊಳಗೆ. ಕರಾವಳಿಯಲ್ಲಿ ಇದು ಸಾಧ್ಯವಿಲ್ಲ, ಬೆಳಗಾವಿಯಲ್ಲಿ ಇದರ ಅಗತ್ಯವೇ ಅಷ್ಟಿಲ್ಲ. ನಮ್ಮಲ್ಲಿ ಕೂಲರ್ ಸೋಲುವ ಜೂನ್ ತಿಂಗಳ ತೇವ ಬರುವ ಹೊತ್ತಿಗೆ ಬಿಸಿಲೂ ತಗ್ಗಿ ಬರಿಯ ಫ್ಯಾನು ಸಾಕಾಗುತ್ತದೆ, ಇದು ವಿಜಯಪುರ-ಬಾಗಲಕೋಟೆಯ ಹವೆ ನಮಗೆ ಮಾಡಿರುವ ಉಪಕಾರ. ಆದರೆ ಅದಕ್ಕೆ ನೀರಿನ ಲೆಕ್ಕವೂ ಇದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 0.67 ಯೂನಿಟ್ ಶಾಖ ಹೀರುತ್ತದೆ. ಒಂದು ಟನ್ ಎಸಿಗೆ ಸಮನಾದ ತಂಪಿಗೆ ಗಂಟೆಗೆ ಕನಿಷ್ಠ 5 ಲೀಟರ್ ಬೇಕು. ಕೊಳವೆಬಾವಿಯ ಗಡುಸು ನೀರಾದರೆ ಆವಿಯಾದಷ್ಟೂ ಉಪ್ಪು ಉಳಿದು ಪ್ಯಾಡು ಕಲ್ಲಾಗುತ್ತದೆ, ಆದ್ದರಿಂದ ತೊಟ್ಟಿಯ ನೀರನ್ನು ಆಗಾಗ ಬಸಿದು ಶೌಚಾಲಯಕ್ಕೆ ಬಳಸಿ. ವಾರಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಬರಿದುಮಾಡಿ ಉಜ್ಜಿಸಿ. ಡೆಂಗಿ ಜ್ವರದ ಸೊಳ್ಳೆ ಹುಟ್ಟುವುದು ಇಂಥ ತಿಳಿನೀರಿನಲ್ಲೇ ಎಂಬುದನ್ನು ನಿಮ್ಮ ಮನೆಯ ವೈದ್ಯರಿಗೆ ನಾನು ಹೇಳಬೇಕಿಲ್ಲ.

ದವಾಖಾನೆಯಲ್ಲಿ ಕೂಲರ್‌ನ ಇನ್ನೊಂದು ಗುಣ ದೊಡ್ಡದು. ಎಸಿ ಕೋಣೆಯೊಳಗಿನ ಗಾಳಿಯನ್ನೇ ತಿರುಗಿಸುತ್ತದೆ, ಕೂಲರ್ ಹೊರಗಿನ ತಾಜಾ ಗಾಳಿಯನ್ನು ತರುತ್ತದೆ. ಕೆಮ್ಮುವ ಹತ್ತು ಜನ ಕುಳಿತಿರುವಲ್ಲಿ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯ ಕಿಟಕಿಯಿಂದ ಹೊರಹೋಗುವಂತೆ ಮಾಡಿ. ಇದರೊಂದಿಗೆ ನಿಮ್ಮ ಕೊನೆಯ ಪ್ರಶ್ನೆಗೂ ಬಂದೆ. ಬಿಗಿಯಾಗಿ ಕಟ್ಟಿದ ಮನೆ ಕೆಟ್ಟದ್ದಲ್ಲ, ಬಿಗಿಯಾಗಿ ಕಟ್ಟಿ ಗಾಳಿಗೆ ದಾರಿ ಮಾಡದೆ ಬಿಡುವುದು ಕೆಟ್ಟದ್ದು. ಮಲಗುವ ಕೋಣೆಗೆ ಪ್ರತಿಯೊಬ್ಬರಿಗೆ ಗಂಟೆಗೆ 25ರಿಂದ 30 ಘನ ಮೀಟರ್ ತಾಜಾ ಗಾಳಿ ಬರಬೇಕು. ಬಚ್ಚಲಿನಲ್ಲಿ ಸದ್ದಿಲ್ಲದೆ ಸದಾ ತಿರುಗುವ ಚಿಕ್ಕ ಫ್ಯಾನ್, ಕೋಣೆಯ ಬಡಗಣ ಗೋಡೆಯಲ್ಲಿ ಧೂಳು ಸೋಸುವ ಒಂದು ಕಿಂಡಿ ಇದ್ದರೆ ಆಯಿತು. ಮನೆಯನ್ನು ಬಿಗಿಯಾಗಿ ಮುಚ್ಚಿ ಶಾಖದ ಸೋರಿಕೆ ತಡೆಯುವ ಜರ್ಮನಿಯ ಪ್ಯಾಸಿವ್ ಹೌಸ್ ಪದ್ಧತಿಯನ್ನು ಓದಿಕೊಂಡ ಕೆಲವರು ಹೊರಹೋಗುವ ಗಾಳಿಯ ತಂಪನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರ ಹಾಕಿಸಲು ಹೇಳುತ್ತಾರೆ. 1991ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಆ ಪದ್ಧತಿಯ ಮೊದಲ ಮನೆಗಳು ಎದ್ದ ಕಡೆ ಅದು ಅತ್ಯಗತ್ಯ, ಯಾಕೆಂದರೆ ಅಲ್ಲಿ ತಿಂಗಳುಗಟ್ಟಲೆ ಹಗಲಿರುಳು ಒಳಗಿಗೂ ಹೊರಗಿಗೂ ಇಪ್ಪತ್ತು ಡಿಗ್ರಿ ಅಂತರ ಇರುತ್ತದೆ. ನಮ್ಮಲ್ಲಿ ಅಂತರ 14 ಡಿಗ್ರಿ, ಅದೂ ದಿನಕ್ಕೆ ಕೆಲವೇ ಗಂಟೆ. ಇಬ್ಬರು ಮಲಗುವ ಕೋಣೆಗೆ ಲೆಕ್ಕ ಹಾಕಿದರೆ ಆ ಯಂತ್ರ ಉಳಿಸುವುದು ಸುಮಾರು 50 ವಾಟ್ ವಿದ್ಯುತ್ತು, ಅದರ ಎರಡು ಫ್ಯಾನುಗಳು ತಿನ್ನುವುದೂ ಅದರ ಹತ್ತಿರ ಹತ್ತಿರ. ನಿಮಗೆ ಅದು ಬೇಡ.

ಬಿಸಿನೀರಿನ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಆರು ಜನರಿಗೆ ದಿನಕ್ಕೆ 150 ಲೀಟರ್ ಕಾಯಿಸಲು ಗೀಸರ್‌ಗೆ ಮೂರೂವರೆ ಯೂನಿಟ್ ಬೇಕು, ಹೊರಗಿನ ಗಾಳಿಯ ಶಾಖವನ್ನು ನೀರಿಗೆ ದಾಟಿಸುವ ಹೀಟ್ ಪಂಪಿಗೆ ಒಂದು ಯೂನಿಟ್ಟಿನ ಆಸುಪಾಸು, ಸೋಲಾರ್ ವಾಟರ್ ಹೀಟರ್‌ಗೆ ಏನೂ ಬೇಡ. ನೀರು ಗಡುಸಾಗಿದ್ದರೆ ಶಾಖವಿನಿಮಯ ಸುರುಳಿಯಿರುವ ಸೋಲಾರ್ ಹೀಟರನ್ನೇ ತೆಗೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾದದ್ದು ಪೈಪಿನ ಉದ್ದ. ಒಂದು ಇಂಚಿನ ಪೈಪು ಪ್ರತಿ ಮೀಟರಿಗೆ ಅರ್ಧ ಲೀಟರ್ ನೀರು ಹಿಡಿಯುತ್ತದೆ. ಹೀಟರಿನಿಂದ ಬಚ್ಚಲಿಗೆ 20 ಮೀಟರ್ ಇದ್ದರೆ ಪ್ರತಿ ಬೆಳಿಗ್ಗೆ ಅರ್ಧ ಬಕೆಟ್ ತಣ್ಣೀರು ಚೆಲ್ಲಿದ ಮೇಲೆಯೇ ಬಿಸಿನೀರು ಬರುವುದು. ವಿಜಯಪುರದಲ್ಲಿ ಅರ್ಧ ಬಕೆಟ್ ನೀರಿನ ಬೆಲೆ ಎಲ್ಲರಿಗೂ ಗೊತ್ತು. ಬಚ್ಚಲುಗಳನ್ನು ಒಂದರ ಮೇಲೊಂದು, ಒಂದರ ಪಕ್ಕ ಒಂದು ಬರುವಂತೆ ನಕಾಶೆಯಲ್ಲೇ ಸರಿಪಡಿಸಿಕೊಳ್ಳಿ, ಬಿಸಿನೀರಿನ ಪೈಪಿಗೆ ಮುಕ್ಕಾಲು ಇಂಚು ಸಾಕು, ಅದಕ್ಕೆ ಹೊದಿಕೆ ಹಾಕಿಸಿ.

ಇಷ್ಟಾದ ಮೇಲೆ ಸೋಲಾರ್. ಫ್ರಿಜ್, ದೀಪ, ಫ್ಯಾನು, ಪಂಪು, ಬಟ್ಟೆ ಒಗೆಯುವ ಯಂತ್ರ ಇವಕ್ಕೆ ದಿನಕ್ಕೆ 6 ಯೂನಿಟ್, ದವಾಖಾನೆಯ ಉಪಕರಣಗಳಿಗೆ 3 ಯೂನಿಟ್, ಮಾರ್ಚ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಸುಮಾರು 75 ದಿನ ಎಸಿ-ಕೂಲರ್‌ಗಳಿಗೆ ದಿನಕ್ಕೆ 10 ಯೂನಿಟ್ ಎಂದು ಹಿಡಿದರೂ ವರ್ಷಕ್ಕೆ ಸುಮಾರು 4,000 ಯೂನಿಟ್ ಆಗುತ್ತದೆ. ಈ ಸೀಮೆಯಲ್ಲಿ ಒಂದು ಕಿಲೋವಾಟ್ ಪ್ಯಾನೆಲ್ ಸರಾಸರಿ ದಿನಕ್ಕೆ 4 ಯೂನಿಟ್ ಕೊಡುತ್ತದೆ. 3 ಕಿಲೋವಾಟ್ ಎಂದರೆ ವರ್ಷಕ್ಕೆ 4,300ಕ್ಕೂ ಹೆಚ್ಚು ಯೂನಿಟ್. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನವೂ 3 ಕಿಲೋವಾಟ್‌ಗೆ 78,000 ರೂಪಾಯಿಗೆ ನಿಲ್ಲುತ್ತದೆ, ಅದರ ಮೇಲೆ ಎಷ್ಟು ಹಾಕಿದರೂ ಹೆಚ್ಚುವುದಿಲ್ಲ. ಅದು ವಾಸದ ಮನೆಗೆ ಮಾತ್ರ ಸಿಗುತ್ತದೆ. ದವಾಖಾನೆಗೆ ಬೇರೆ ಮೀಟರ್ ಬೇಕೆ, ಬೇಕಾದರೆ ಯಾವ ಬಳಕೆ ಯಾವ ಮೀಟರಿಗೆ ಎಂಬುದನ್ನು ಹೆಸ್ಕಾಂಗೆ ಅರ್ಜಿ ಹಾಕುವ ಮೊದಲೇ ತೀರ್ಮಾನಿಸಿಕೊಳ್ಳಿ. ಚೌಕಟ್ಟು ಮತ್ತು ವೈರಿಂಗ್ ಮಾತ್ರ 5 ಕಿಲೋವಾಟ್‌ಗೆ ತಾಳುವಂತೆ ಇರಲಿ, ನಾಳೆ ವಿದ್ಯುತ್ ಸ್ಕೂಟರ್ ಅಥವಾ ಕಾರು ಬಂದಾಗ ಬೇಕಾಗುತ್ತದೆ. ಪ್ಯಾನೆಲ್‌ಗಳು ಬಿಸಿಯಾದಷ್ಟೂ ಉತ್ಪಾದನೆ ಕುಗ್ಗುತ್ತದೆ, 65 ಡಿಗ್ರಿಗೆ ಕಾದ ಪ್ಯಾನೆಲ್ ತನ್ನ ಶಕ್ತಿಯಲ್ಲಿ ಶೇ. 14ರಷ್ಟು ಕಳೆದುಕೊಂಡಿರುತ್ತದೆ. ಕೆಳಗೆ ಗಾಳಿಯಾಡುವಂತೆ ಎತ್ತರಿಸಿ, ಮಾಳಿಗೆಗೂ ನೆರಳಾಗುತ್ತದೆ. ಜನವರಿಯಿಂದ ಮೇವರೆಗೆ ಧೂಳು ಹದಿನೈದು ದಿನಕ್ಕೊಮ್ಮೆಯಾದರೂ ತೊಳೆಯುವಷ್ಟು ಕೂರುತ್ತದೆ, ಆದ್ದರಿಂದ ಒಂದು ನಲ್ಲಿಯನ್ನು ಮಾಳಿಗೆಯ ಮೇಲೆ ಮರೆಯದೆ ಬಿಡಿಸಿ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಸರಿಪಡಿಸಬೇಕು. ಹೆಸ್ಕಾಂ ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೋಲಾರ್ ಇನ್ವರ್ಟರ್ ಕರೆಂಟು ಹೋದ ಕ್ಷಣ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗಳ ಜೀವ ಉಳಿಸುವುದಕ್ಕಾಗಿ ಹಾಗೆ ಮಾಡಿರುತ್ತಾರೆ. ಕರೆಂಟು ಹೋದಾಗಲೂ ದವಾಖಾನೆಯ ಲಸಿಕೆಯ ಫ್ರಿಜ್, ದೀಪ, ಫ್ಯಾನು ನಡೆಯಬೇಕಾದರೆ ಜಾಲಕ್ಕೂ ಬ್ಯಾಟರಿಗೂ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರ್ ಮತ್ತು ಸಾಧಾರಣ ಗಾತ್ರದ ಬ್ಯಾಟರಿ ಬೇಕು. ಎಸಿಗಳನ್ನು ಬ್ಯಾಟರಿಯ ಮೇಲೆ ನಡೆಸುವ ಆಸೆಯನ್ನು ಬಿಡಿ. ಆ ಕೆಲಸವನ್ನು ನಿಮ್ಮ ಸ್ಲ್ಯಾಬು ಮಾಡುತ್ತದೆ.

ಕೊನೆಯದಾಗಿ ಗೌಂಡಿಯವರ ಕೆಲಸದ ಮೇಲೆ ನಿಗಾ ಇಡಬೇಕಾದ ಜಾಗಗಳು. ಮಾಳಿಗೆಯಲ್ಲಿ ಸ್ಲ್ಯಾಬು, ಅದರ ಮೇಲೆ ನೀರುನಿರೋಧಕ ಲೇಪ, ಮೂರು ದಿನ ನೀರು ಕಟ್ಟಿ ಸೋರಿಕೆ ಪರೀಕ್ಷೆ, ಆಮೇಲೆ ಎಕ್ಸ್‌ಪಿಎಸ್ ಹಲಗೆಗಳು ಸಂದಿಲ್ಲದಂತೆ, ಅದರ ಮೇಲೆ ಜಾಲರಿ ಹಾಸಿದ ಇಳಿಜಾರು ಕಾಂಕ್ರೀಟು, ತುದಿಗೆ ಬಿಳಿ ಚೈನಾ ಮೊಸಾಯಿಕ್. ಈ ಕ್ರಮದಲ್ಲಿ ಒಂದನ್ನೂ ಹಿಂದುಮುಂದು ಮಾಡಬಾರದು. ಪ್ಯಾರಪೆಟ್ ಗೋಡೆಯ ಬುಡದಲ್ಲಿ ಹಲಗೆಯನ್ನು ಅರ್ಧ ಅಡಿ ಮೇಲಕ್ಕೆ ತಿರುಗಿಸದಿದ್ದರೆ ಶಾಖ ಅಲ್ಲಿಂದ ಸುತ್ತುಬಳಸಿ ಇಳಿಯುತ್ತದೆ. ಎಎಸಿ ಬ್ಲಾಕಿನ ಗೋಡೆಗೆ ವೈರಿಗಾಗಿ ಕಾಲುವೆ ಕೊರೆದ ಮೇಲೆ, ಎಸಿ ಪೈಪಿಗೆ ತೂತು ಮಾಡಿದ ಮೇಲೆ ಉಳಿದ ಸಂದುಗಳನ್ನು ಗಿಲಾವಿಗೆ ಮೊದಲೇ ತುಂಬಿಸಿ. ಎಸಿ ಅಂಗಡಿಯವರಿಂದ ಪ್ರತಿಯೊಂದು ಕೋಣೆಗೂ ಮಾಳಿಗೆ, ಗೋಡೆ, ಕಿಟಕಿ, ಗಾಳಿ, ಜನ ಎಂದು ಬೇರೆ ಬೇರೆ ಬರೆದ ಶಾಖದ ಲೆಕ್ಕವನ್ನು ಕಾಗದದ ಮೇಲೆ ಕೇಳಿ, ಕೊಡಲಾರದವರಿಂದ ಯಂತ್ರ ಕೊಳ್ಳಬೇಡಿ. ನಿಮ್ಮ ಮೇಲಂತಸ್ತಿನ ಸ್ಲ್ಯಾಬಿಗೆ ಕಂಬಿ ಕಟ್ಟುವ ಕೆಲಸ ಇನ್ನೂ ಶುರುವಾಗಿಲ್ಲದಿದ್ದರೆ, ಸೋಲಾರ್ ಚೌಕಟ್ಟಿನ ಕಾಲುಗಳಿಗೆ ಬೇಕಾದ ಕಾಂಕ್ರೀಟು ಪೀಠಗಳನ್ನು ಅದರ ಜೊತೆಯಲ್ಲೇ ಎಬ್ಬಿಸಿ. ಆಮೇಲೆ ಬೋಲ್ಟಿಗಾಗಿ ಹಲಗೆಯನ್ನೂ ನೀರುನಿರೋಧಕ ಲೇಪವನ್ನೂ ಕೊರೆದ ಮಾಳಿಗೆ ಮೊದಲ ಮಳೆಗೇ ಸೋರುತ್ತದೆ, ನೆನೆದ ಮಾಳಿಗೆಯನ್ನು ಅಗೆದು ಸೋರಿಕೆಯ ಜಾಗ ಹುಡುಕುವುದು ಬಲು ಕಷ್ಟದ ಕೆಲಸ.